ಹಳೆ ಯೆಜ್ಡಿ ಸ್ಟಾರ್ಟ್ ಆಗುತ್ತಿಲ್ಲವೇ? ಕಾರ್ಬ್ಯುರೇಟರ್ ಬಿಚ್ಚುವ ಮುನ್ನ ಇಷ್ಟು ನೋಡಿ

ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಹಾಗಾಗಿ ಇವತ್ತು ಉಳಿದಿರುವ ಟೂ ಸ್ಟ್ರೋಕ್ ಯೆಜ್ಡಿಗಳಲ್ಲಿ ತೀರಾ ಈಚಿನದಕ್ಕೂ ಮೂವತ್ತರ ಆಸುಪಾಸು ವಯಸ್ಸು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಮನೆಗಳಲ್ಲಿ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಗಾಡಿ ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೋ ನಂದಿಬೆಟ್ಟದ ಸವಾರಿಗೋ ಹೊರಗೆ ಬರುತ್ತದೆ. ಆಗ ಶುರು ಕಿಕ್ ಹೊಡೆಯುವ ಪಾಡು. ಹತ್ತು ಕಿಕ್ಕಿಗೆ ಏಳದ ಗಾಡಿ ಐವತ್ತಕ್ಕೂ ಏಳುವುದಿಲ್ಲ. ಒಳಗೆ ಪೆಟ್ರೋಲ್ ತುಂಬಿ ಇನ್ನಷ್ಟು ಮೊಂಡಾಗುತ್ತದೆ.

ಹೆಚ್ಚಿನವರ ಕೈ ಮೊದಲು ಹೋಗುವುದು ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ. ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಇರುವ 6 ವೋಲ್ಟ್ ಮಾಡೆಲ್‌ಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಕರೆಂಟನ್ನು.

ಪ್ಲಗ್ ಏನು ಹೇಳುತ್ತದೆ?

ಪೆಟ್ರೋಲ್ ಕಾಕ್ ತೆರೆದು ನಾಲ್ಕೈದು ಕಿಕ್ ಹೊಡೆದು ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಒಂದೋ ಕಿಡಿ ಇಲ್ಲ, ಇಲ್ಲವೇ ಓವರ್‌ಫ್ಲೋ ಆಗಿದೆ. ಓವರ್‌ಫ್ಲೋ ಆಗಿದ್ದರೆ ಕಾಕ್ ಮುಚ್ಚಿ, ಕೀ ಆಫ್ ಮಾಡಿ, ಪ್ಲಗ್ ಇಲ್ಲದೆಯೇ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹತ್ತು ಸಲ ಕಿಕ್ ಹೊಡೆದರೆ ತುಂಬಿದ್ದು ಹೊರಬರುತ್ತದೆ.

ಈಗ ಪ್ಲಗ್ ಒರೆಸಿ, ಗ್ಯಾಪ್ 0.6 ಮಿ.ಮೀ. ಮಾಡಿ, ಕ್ಯಾಪಿಗೆ ಸಿಕ್ಕಿಸಿ. ಪ್ಲಗ್ ತೂತಿನಿಂದ ದೂರ, ಬಣ್ಣವಿಲ್ಲದ ಲೋಹಕ್ಕೆ ತಾಗಿಸಿಟ್ಟು ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ತೂತಿನಿಂದ ಚಿಮ್ಮುವ ಪೆಟ್ರೋಲ್ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ, ಹುಷಾರು. ಚಟ್ ಎನ್ನುವ ನೀಲಿ ಕಿಡಿ ಬಂದರೆ ಸರಿ. ಹಳದಿಯ ಸಪ್ಪೆ ಕಿಡಿ ಹೊರಗಿನ ಗಾಳಿಯಲ್ಲಿ ಕಾಣಿಸಿಕೊಂಡರೂ ಸಿಲಿಂಡರಿನ ಒತ್ತಡದಲ್ಲಿ ಸತ್ತುಹೋಗುತ್ತದೆ. ಹೊಸ ಪ್ಲಗ್ ಹಾಕಿ ಇನ್ನೊಮ್ಮೆ ನೋಡಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಬ್ಯಾಟರಿ, ಪಾಯಿಂಟ್, ಕಂಡೆನ್ಸರ್

ಈ ಗಾಡಿಗಳಲ್ಲಿ ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಕಾಯಿಲಿಗೆ ಕರೆಂಟ್ ಬರುವುದು ಬ್ಯಾಟರಿಯಿಂದ. ಬ್ಯಾಟರಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ದಂಡ. ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಮೀಟರಿನಲ್ಲಿ 6.3 ವೋಲ್ಟ್ ಮೇಲೆ ತೋರಿಸಬೇಕು. ಕೀ ಆನ್ ಮಾಡಿದಾಗ ಕೆಂಪು ದೀಪ ಹತ್ತದಿದ್ದರೆ ಫ್ಯೂಸ್ ನೋಡಿ, ಬ್ಯಾಟರಿಯ ಅರ್ತ್ ವೈರ್ ಚಾಸಿಗೆ ಕೂರುವ ಜಾಗದ ತುಕ್ಕು ಕೆರೆಯಿರಿ. ಎಂಜಿನ್ ನಿಂತಿರುವಾಗ ಕೀ ಆನ್ ಬಿಟ್ಟು ಹೋಗಬೇಡಿ. ಪಾಯಿಂಟ್ ಮುಚ್ಚಿಕೊಂಡಿದ್ದರೆ ಕಾಯಿಲ್ ಕಾದು ಹಾಳಾಗುತ್ತದೆ, ಬ್ಯಾಟರಿಯೂ ಇಳಿಯುತ್ತದೆ.

ಬಲಗಡೆಯ ಕವರ್ ಬಿಚ್ಚಿದರೆ ಡೈನಮೋ, ಅಲ್ಲೇ ಪಾಯಿಂಟ್. ನಿಂತ ಗಾಡಿಯಲ್ಲಿ ಪಾಯಿಂಟಿನ ಮುಖಕ್ಕೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಕಣ್ಣಿಗೆ ಕಾಣದಿದ್ದರೂ 6 ವೋಲ್ಟ್ ಕರೆಂಟನ್ನು ತಡೆಯಲು ಅಷ್ಟು ಸಾಕು. 400 ನಂಬರಿನ ಎಮರಿ ಪೇಪರಿನ ಸಣ್ಣ ತುಂಡನ್ನು ನಡುವೆ ಎರಡು ಸಲ ಎಳೆಯಿರಿ. ನಂತರ ಬಿಳಿ ಕಾಗದ ಎಳೆದು ಪುಡಿ ತೆಗೆಯಿರಿ. ಈ ಎರಡನೆಯದನ್ನು ಬಿಟ್ಟರೆ ಮೊದಲನೆಯದು ವ್ಯರ್ಥ.

ಗ್ಯಾಪ್ ನೋಡಲು ಪ್ಲಗ್ ತೆಗೆದಿಟ್ಟು, ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿ. ಪಾಯಿಂಟ್ ಅತಿ ಹೆಚ್ಚು ತೆರೆದ ಜಾಗದಲ್ಲಿ 0.4 ಮಿ.ಮೀ. ಫೀಲರ್ ಗೇಜ್ ತುಸು ಬಿಗಿಯಾಗಿ ಜಾರಬೇಕು. ಗ್ಯಾಪ್ ಜಾಸ್ತಿಯಾದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದಕ್ಕೆ ಹೋಗುತ್ತದೆ, ಅಂದರೆ ಕಿಡಿ ಹೊತ್ತಿಗೆ ಮುನ್ನವೇ ಹಾರುತ್ತದೆ, ಕಿಕ್ ಲಿವರ್ ಕಾಲಿಗೆ ತಿರುಗಿ ಹೊಡೆಯುತ್ತದೆ. ಆದ್ದರಿಂದ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

ಪಾಯಿಂಟಿನಲ್ಲೇ ದೊಡ್ಡ ಕಿಡಿ ಹಾರುತ್ತಿದೆ, ಮುಖ ಮತ್ತೆ ಮತ್ತೆ ಕಪ್ಪಾಗುತ್ತಿದೆ ಎಂದರೆ ಅಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಹೋಗಿದೆ. ಕಾಯಿಲ್, ಕಂಡೆನ್ಸರ್ ಎರಡಕ್ಕೂ ಇನ್ನೊಂದು ಚಾಳಿ ಉಂಟು: ಬೆಳಿಗ್ಗೆ ಚೆನ್ನಾಗಿ ಓಡಿ, ಬಿಸಿಯಾದಮೇಲೆ ಕೈಕೊಡುವುದು. ನಂದಿಬೆಟ್ಟದ ಮೇಲೆ ಟೀ ಕುಡಿದು ಬರುವಷ್ಟರಲ್ಲಿ ಸತ್ತ ಗಾಡಿ, ಅರ್ಧ ಗಂಟೆ ಆರಿದ ಮೇಲೆ ತಾನಾಗಿ ಏಳುತ್ತದೆ. ಅದಕ್ಕೆ ಚೋಕ್ (ಪೆಟ್ರೋಲ್ ಪಾಲು ಹೆಚ್ಚಿಸುವ ಲಿವರ್) ಹಾಕಿ ಕಿಕ್ ಹೊಡೆಯಬೇಡಿ. 1,478 ಮೀಟರ್ ಎತ್ತರದಲ್ಲಿ ಗಾಳಿ ತೆಳು, ಮಿಶ್ರಣ ಮೊದಲೇ ರಿಚ್, ಅಂದರೆ ಪೆಟ್ರೋಲ್ ಹೆಚ್ಚಾಗಿರುತ್ತದೆ.

ಕಿಡಿ ಸರಿಯಿದ್ದರೆ ಪೆಟ್ರೋಲ್

ಕಾರ್ಬ್ಯುರೇಟರಿನ ಕಡೆಯಿಂದ ಪೈಪ್ ಎಳೆದು ಬಾಟಲಿಗೆ ಹಿಡಿಯಿರಿ. ಚೆನ್ನಾಗಿ ಬಂದು ನಿಧಾನಕ್ಕೆ ನಿಂತರೆ ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿದೆ. ಮೊದಲಿಂದಲೇ ಹನಿ ಹನಿಯಾದರೆ ಕಾಕ್‌ನ ಜಾಲರಿಯಲ್ಲಿ ತುಕ್ಕು ಕೂತಿದೆ. ಈಗಿನ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲನ್ನು ಪೂರ್ತಿ ಬಸಿದು, ಲೀಟರಿಗೆ 30ರಿಂದ 40 ಮಿ.ಲೀ. ಟೂಟಿ (2T, ಟೂ ಸ್ಟ್ರೋಕ್) ಆಯಿಲ್ ಬೆರೆಸಿದ ಹೊಸದನ್ನೇ ಹಾಕಿ.

ಆಕ್ಸಿಲರೇಟರ್ ಮುಚ್ಚಿದಾಗ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್. ಅದರ ತೂತು ಸೂಜಿಮೊನೆಯಷ್ಟು, ಒಣಗಿದ ಪೆಟ್ರೋಲಿನ ಅಂಟು ಮೊದಲು ಕಟ್ಟುವುದೂ ಅಲ್ಲೇ. ಕ್ಲೀನರ್ ಸ್ಪ್ರೇ ಮತ್ತು ಪಂಕ್ಚರ್ ಅಂಗಡಿಯ ಗಾಳಿ ಸಾಕು. ತಂತಿ ತೂರಿಸಿದರೆ ತೂತು ಅಗಲವಾಗಿ ಮತ್ತೊಂದು ರಗಳೆ.

ತಣ್ಣಗಿರುವ ಎಂಜಿನ್ನಿಗೆ ಚೋಕ್ ಲಿವರ್ ಇದ್ದರೆ ಅದನ್ನು ಹಾಕಿ ಆಕ್ಸಿಲರೇಟರ್ ಮುಟ್ಟದೆ ಕಿಕ್ ಹೊಡೆಯಿರಿ. ಆಕ್ಸಿಲರೇಟರ್ ತಿರುಗಿಸಿದರೆ ಚೋಕಿಗೆ ಬೇಕಾದ ಎಳೆತ ಹೋಗಿಬಿಡುತ್ತದೆ. ಒತ್ತಿದರೆ ಪೆಟ್ರೋಲ್ ಉಕ್ಕಿಸುವ ಟಿಕ್ಲರ್ ಗುಂಡಿ ಇರುವ ಹಳೆಯ ಕಾರ್ಬ್ಯುರೇಟರ್ ಆದರೆ ಪೆಟ್ರೋಲ್ ಒಸರುವವರೆಗೆ ಒತ್ತಿ, ಮುಂದಕ್ಕೆ ಬೇಡ.

ಇವೆರಡೂ ಸರಿಯಿದ್ದು ಏಳದಿದ್ದರೆ

ಸೈಲೆನ್ಸರ್ ಬಾಯಿಗೆ ಟಾರ್ಚ್ ಬಿಡಿ. ನಿಂತ ಗಾಡಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದುಂಟು. ಯೆಜ್ಡಿಗೆ ಎರಡು ಸೈಲೆನ್ಸರ್, ಎರಡನ್ನೂ ನೋಡಿ.

ಕೊನೆಗೆ ಕ್ರ್ಯಾಂಕ್ ಸೀಲ್, ಅಂದರೆ ಕ್ರ್ಯಾಂಕ್ ಶಾಫ್ಟಿನ ಎರಡೂ ತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ. ಟೂ ಸ್ಟ್ರೋಕ್ ಎಂಜಿನ್ ಪೆಟ್ರೋಲ್ ಎಳೆದುಕೊಳ್ಳುವುದು ಕ್ರ್ಯಾಂಕ್‌ಕೇಸಿನಿಂದ. ಅಲ್ಲಿ ಗಾಳಿ ಸೋರಿದರೆ ಎಳೆತವೇ ಇರದು. ಬಲಗಡೆ ಡೈನಮೋ ಕೋಣೆಯಲ್ಲಿ ಎಣ್ಣೆ ಪಸೆ ಇದ್ದರೆ, ಹತ್ತಿದ ಗಾಡಿ ತಾನಾಗಿ ರೇಸ್ ಏರಿದರೆ ಆ ಕಡೆಯ ಸೀಲ್. ಬಿಳಿ ಹೊಗೆ ಬಿಡದೆ ಬರುತ್ತಿದ್ದು ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ಲಚ್ ಕಡೆಯದು. ಇದನ್ನು ಟೂ ಸ್ಟ್ರೋಕ್ ಬಲ್ಲ ಮೆಕ್ಯಾನಿಕ್‌ಗೆ ಬಿಡುವುದು ವಾಸಿ. ಡೈನಮೋ ಆರ್ಮೇಚರ್ (ಒಳಗೆ ತಿರುಗುವ ಭಾಗ) ಎಳೆಯಲು ಪುಲ್ಲರ್ ಬೋಲ್ಟ್ ಇದೆಯೇ ಎಂದು ಮೊದಲೇ ಕೇಳಿ. ಸುತ್ತಿಗೆ ಎತ್ತಿಕೊಂಡರೆ ಗಾಡಿ ವಾಪಸ್ ತನ್ನಿ.