ಒದ್ದೆ ಯೂನಿಫಾರಂ ಮತ್ತು ಕಂಪನಿ ದುಡ್ಡು: ನನ್ನ ಅನುಭವ

ನಾನು ಒಂದು ದೊಡ್ಡ ಕಾರ್ಖಾನೆಯ ಸಿಎಸ್‌ಆರ್ ವಿಭಾಗದಲ್ಲಿ, ಅಂದರೆ ಕಂಪನಿಯ ದುಡ್ಡನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ವಿಭಾಗದಲ್ಲಿ, ಕೆಲಸ ಮಾಡುತ್ತೇನೆ. ನನ್ನ ಊರು ಕುಶಾಲನಗರದ ಹತ್ತಿರ. ಹಾಗಾಗಿ ಕೊಡಗಿನ ಸರ್ಕಾರಿ ಶಾಲೆಗಳ ಕೆಲಸವೆಲ್ಲ ನನ್ನ ಪಾಲಿಗೆ ಬಂತು.

ಮೊದಲ ವರ್ಷ ಕೆಲವು ಶಾಲೆಗಳಿಗೆ ನೀರಿನ ಫಿಲ್ಟರ್ ಕೊಟ್ಟೆವು. ರಿಬ್ಬನ್ ಕತ್ತರಿಸಿದ್ದಾಯ್ತು, ಫೋಟೊ ತೆಗೆದದ್ದಾಯ್ತು. ಮರುವರ್ಷ ಹೋಗಿ ನೋಡಿದರೆ ಹೆಚ್ಚಿನ ಕಡೆ ಫಿಲ್ಟರ್ ಕೆಟ್ಟು ಕೂತಿತ್ತು. ಕ್ಯಾಂಡಲ್ ಬದಲಿಸೋಕೆ ಶಾಲೆಯಲ್ಲಿ ದುಡ್ಡಿಲ್ಲ. ಬದಲಿಸೋರು ಯಾರು ಅಂತ ಕೊಡುವಾಗ ನಾನೂ ಕೇಳಿರಲಿಲ್ಲ. ಆ ತಪ್ಪು ನನ್ನದೇ. ನೆನೆದರೆ ಈಗಲೂ ಬೇಜಾರಾಗುತ್ತದೆ.

ಅದೇ ಸಮಯದಲ್ಲಿ ಸುಂಟಿಕೊಪ್ಪದ ಸ್ವಸ್ಥ ಕೇಂದ್ರಕ್ಕೆ ಹೋಗಿದ್ದೆ. ಅದು ವಿಶೇಷ ಚೇತನ ಮಕ್ಕಳ ಶಾಲೆ. ಟಾಟಾ ಕಾಫಿಯ ನೆರವಿದ್ದ ಕೂರ್ಗ್ ಫೌಂಡೇಶನ್ 2003ರಲ್ಲಿ ಶುರು ಮಾಡಿದ್ದು. ನನ್ನ ಮನಸ್ಸಿನಲ್ಲಿ ಉಳಿದದ್ದು ಅಲ್ಲಿನ ಕಟ್ಟಡಕ್ಕಿಂತ ಜಾಸ್ತಿ ಅಲ್ಲಿನ ದಿನನಿತ್ಯ. ಶಿಕ್ಷಕರು ದಿನಾ ಬರಬೇಕು, ಸಂಬಳ ತಿಂಗಳು ತಿಂಗಳು ಆಗಬೇಕು. ಅಂಥ ಖರ್ಚಿಗೆ ಫೋಟೊ ಎಲ್ಲಿ ಬರುತ್ತೆ? ಆದರೆ ಶಾಲೆ ನಡೆಯೋದು ಅದರಿಂದಲೇ ಅಲ್ವಾ?

ಎರಡನೇ ವರ್ಷ ನನ್ನ ಪಟ್ಟಿಯಲ್ಲಿ ಸೋಮವಾರಪೇಟೆ ಕಡೆಯ ಒಂದು ಶಾಲೆ ಇತ್ತು. ಹೆಚ್ಚಿನ ಮಕ್ಕಳು ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲು ಮನೆಗಳಿಂದ, ನಡೆದು ಬರೋರು. ಮಾರ್ಚ್‌ನಲ್ಲಿ ಕೇಳಿದಾಗ ಮುಖ್ಯ ಶಿಕ್ಷಕರು ಸ್ಮಾರ್ಟ್ ಕ್ಲಾಸ್, ಅಂದರೆ ಪಾಠ ತೋರಿಸುವ ಟಿವಿ, ಕೊಡಿ ಅಂದಿದ್ದರು. ನಾನು ಬರೆದುಕೊಂಡು ಬಂದೆ. ಆಮೇಲೆ ಫಿಲ್ಟರ್ ನೆನಪಾಗಿ ಜುಲೈನಲ್ಲಿ ಇನ್ನೊಮ್ಮೆ ಹೋದೆ.

ಜುಲೈ ಮಳೆ ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಎರಡು ದಿನದಿಂದ ಕರೆಂಟ್ ಇರಲಿಲ್ಲ. ಮಕ್ಕಳು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಂದರೂ ಸೊಂಟದ ಕೆಳಗೆ ಪೂರ್ತಿ ಒದ್ದೆ. ಎರಡನೇ ಕ್ಲಾಸಿನ ಒಬ್ಬಳು ಜಗಲಿಯಲ್ಲಿ ನಿಂತು ಲಂಗದ ಅಂಚು ಹಿಂಡಿದಳು. ನೀರು ಸುರಿಯಿತು. ಮತ್ತೆ ಹಿಂಡಿದಳು. ಆಮೇಲೆ ಒಳಗೆ ಹೋಗಿ ಅದೇ ಲಂಗದಲ್ಲಿ ಸಿಮೆಂಟ್ ನೆಲದ ಮೇಲೆ ಕೂತಳು. ಅವಳು ಎದ್ದ ಜಾಗದಲ್ಲಿ ಒದ್ದೆ ಗುರುತು ಹಾಗೇ ಇತ್ತು.

ಬಿಸಿಯೂಟದ ಅಕ್ಕ ಗ್ಯಾಸ್ ಒಲೆ ಪಕ್ಕ ಹಗ್ಗ ಕಟ್ಟಿ ನಾಲ್ಕು ಚಡ್ಡಿ ನೇತು ಹಾಕಿದ್ದರು. ನನ್ನನ್ನು ನೋಡಿ ಅಂದರು: "ಸಾರ್, ಟಿವಿ ಆಮೇಲೆ ಕೊಡಿ. ಈ ಮಕ್ಕಳ ಬಟ್ಟೆ ಒಣಗಿಸೋಕೆ ಒಂದು ಜಾಗ ಮಾಡಿಕೊಡಿ. ಬೆಳಿಗ್ಗೆ ಒದ್ದೆ, ಸಂಜೆ ಒದ್ದೆ. ಜ್ವರ ಬಂದ್ರೆ ವಾರಗಟ್ಟಲೆ ಬರಲ್ಲ."

ಹಾಜರಿ ಪುಸ್ತಕ ತೆಗೆಸಿ ನೋಡಿದೆ. ಹಿಂದಿನ ವರ್ಷದ ಜುಲೈ, ಆಗಸ್ಟ್ ಪುಟಗಳಲ್ಲಿ ಅವರ ಮಾತು ಹಾಗೇ ಕಾಣಿಸಿತು.

ಆಫೀಸಿನಲ್ಲಿ ಇದನ್ನು ಒಪ್ಪಿಸೋದು ಸುಲಭ ಇರಲಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇದರಲ್ಲಿ ಒಂದಿದ್ದರೂ ಆ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸ ಅಂತ ಅದೇ ಕಾಯ್ದೆಯ ಏಳನೇ ಶೆಡ್ಯೂಲ್ ಹೇಳುತ್ತದೆ. ಶಿಕ್ಷಣ ಅದರಲ್ಲಿದೆ. "ಬಟ್ಟೆ ಒಣಗಿಸೋ ಕೋಣೆ ಶಿಕ್ಷಣ ಹೇಗಾಗುತ್ತೆ?" ಅಂತ ಹಣಕಾಸು ವಿಭಾಗದವರು ಕೇಳಿದರು. ನಾನು ವಾದ ಮಾಡಲಿಲ್ಲ. ಆಗಸ್ಟ್‌ನಲ್ಲಿ ಅವರನ್ನೇ ಶಾಲೆಗೆ ಕರೆದುಕೊಂಡು ಹೋದೆ. ರಸ್ತೆಯಿಂದ ಶಾಲೆಗೆ ಹತ್ತು ನಿಮಿಷದ ನಡಿಗೆ. ಒದ್ದೆ ಸಾಕ್ಸ್‌ನಲ್ಲೇ ಒಂದು ಗಂಟೆ ಮಕ್ಕಳ ಜೊತೆ ಕೂತರು. ವಾಪಸ್ ಬರುವಾಗ ಕಾರಿನಲ್ಲಿ ಅವರೇ ಅಂದಾಜು ಲೆಕ್ಕ ಕೇಳಿದರು.

ಕೋಣೆ ಹೇಗೆ ಕಟ್ಟೋದು ಅನ್ನೋ ಪ್ರಶ್ನೆಗೆ ಉತ್ತರ ಪಿರಿಯಾಪಟ್ಟಣದ ಕಡೆಯಿಂದ ಬಂತು. ಅಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಿವೆ. ಬೆಂಕಿ ಹೊರಗಿನ ಬಾಯಲ್ಲಿ. ಬಿಸಿ ಮಾತ್ರ ಕಬ್ಬಿಣದ ಪೈಪಿನಲ್ಲಿ ಒಳಗೆ ಸುತ್ತಿ ಬರುತ್ತದೆ, ಹೊಗೆ ಮೇಲಿನ ಕೊಳವೆಯಿಂದ ಆಚೆ ಹೋಗುತ್ತದೆ. ಬ್ಯಾರನ್ ಕಟ್ಟಿ ಅನುಭವ ಇರುವ ಗಾರೆ ಮೇಸ್ತ್ರಿಯನ್ನೇ ಕರೆಸಿದೆ. ನಮಗೆ ಬೇಕಿದ್ದದ್ದು ತುಂಬಾ ಚಿಕ್ಕದು, ಬಿಸಿಯೂ ಕಮ್ಮಿ ಸಾಕು. ಮಕ್ಕಳು ಪೈಪ್ ಮುಟ್ಟದ ಹಾಗೆ ಸುತ್ತಲೂ ಜಾಲರಿ, ಒಲೆ ಬಾಯಿಗೆ ಬೀಗ. ಜೊತೆಗೆ ಪ್ರತಿ ಮಗುವಿಗೂ ಶಾಲೆಯಲ್ಲೇ ಇಡುವ ಒಂದು ಜೊತೆ ಬಟ್ಟೆ. ಬಂದ ಕೂಡಲೇ ಬದಲಿಸಿ ಒದ್ದೆಯದನ್ನು ತಂತಿಗೆ ಹಾಕೋದು, ಸಂಜೆ ಒಣಗಿದ್ದು ಹಾಕಿಕೊಂಡು ಹೋಗೋದು.

ಈ ಕೆಲಸಕ್ಕೆ ಕೈ ಹಾಕುವವರಿಗೆ ಒಂದು ಮಾತು. ಕಂಪನಿಗಳಲ್ಲಿ ದುಡ್ಡು ಖರ್ಚು ಮಾಡುವ ಗಡಿಬಿಡಿ ಶುರುವಾಗೋದು ಫೆಬ್ರವರಿಯಲ್ಲಿ, ಯಾಕೆಂದರೆ ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ. ಕೊಡಗಿನಲ್ಲಿ ಆಗ ರೊಬಸ್ಟಾ ಕೊಯ್ಲು, ಆಳು ಸಿಗಲ್ಲ. ಮೇ ಬಂದರೆ ಮಳೆ ಶುರು. ಹಾಗಾಗಿ ಒಪ್ಪಿಗೆ ಅಕ್ಟೋಬರ್ ಒಳಗೆ ಆಗಲೇಬೇಕು. ಕೆಲಸ ಒಂದು ವರ್ಷದಲ್ಲಿ ಮುಗಿಯಲ್ಲ ಅನಿಸಿದರೆ ಮುಂದುವರಿಯುವ ಯೋಜನೆ ಅಂತ ಮೊದಲೇ ಮಂಜೂರು ಮಾಡಿಸಿ. ಉಳಿದ ಹಣವನ್ನು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ, ಮುಂದಿನ ಮೂರು ವರ್ಷದಲ್ಲಿ ಬಳಸಲು ಅವಕಾಶ ಇದೆ. ನಾನು ಹಾಗೇ ಮಾಡಿದೆ. ಸೌದೆ ಮತ್ತು ಒಲೆ ನೋಡಿಕೊಳ್ಳುವವರ ಕೂಲಿ ಆ ಹಣದಲ್ಲೇ ಬಂತು.

ಎಸ್‌ಡಿಎಂಸಿ, ಅಂದರೆ ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿಯ ಸಭೆಯನ್ನು ಸಂತೆ ದಿನದ ಬೆಳಿಗ್ಗೆ ಇಟ್ಟೆವು. ತೋಟದ ಕೆಲಸದವರಿಗೆ ಅವತ್ತೇ ರಜೆ. ಬೇರೆ ದಿನ ಕರೆದಿದ್ದರೆ ಲೈನ್ ಮನೆಯ ಒಬ್ಬ ತಾಯಿಯೂ ಬರುತ್ತಿರಲಿಲ್ಲ. ಯಾರು ಒಲೆ ಹಚ್ಚಬೇಕು, ಬೀಗದ ಕೈ ಯಾರ ಹತ್ತಿರ ಇರಬೇಕು, ಪೈಪ್ ತೂತಾದರೆ ಯಾರಿಗೆ ಹೇಳಬೇಕು, ಎಲ್ಲ ಬರೆದು ಓದಿ ಹೇಳಿ ಸಹಿ ಹಾಕಿಸಿದೆ. ಮರ ಕಪಾತು ಮಾಡಿದ ಸೌದೆ ಕೊಡುತ್ತೇವೆ ಅಂತ ಪಕ್ಕದ ತೋಟದವರು ಒಪ್ಪಿದರು.

ಮೊದಲ ಜೂನ್‌ನಲ್ಲಿ ತೊಂದರೆ ಆಯಿತು. ಸೌದೆ ಹಸಿ ಇತ್ತು. ಪೈಪಿನ ಒಂದು ಜಾಯಿಂಟ್ ಸಡಿಲ ಇತ್ತು. ಕೋಣೆ ತುಂಬಾ ಹೊಗೆ, ಬಟ್ಟೆಗೆಲ್ಲ ಹೊಗೆ ವಾಸನೆ. ಎರಡು ವಾರ ಕೋಣೆ ಮುಚ್ಚಬೇಕಾಯಿತು. ಮೇಸ್ತ್ರಿ ಬಂದು ಜಾಯಿಂಟ್ ಸರಿ ಮಾಡಿದರು. ಸೌದೆಯನ್ನು ಏಪ್ರಿಲ್‌ನಲ್ಲೇ ಸೂರಿನಡಿ ಜೋಡಿಸಬೇಕು ಅಂತ ಬರಹಕ್ಕೆ ಸೇರಿಸಿದೆವು.

ಮೂರು ವರ್ಷದ ಹಣ ಮುಗಿಯುತ್ತಾ ಬಂದಿದೆ. ಒಲೆಯ ಕೂಲಿ ಪಂಚಾಯಿತಿ ಕೊಡಲಿ ಅಂತ ಎಸ್‌ಡಿಎಂಸಿಯವರು ಅರ್ಜಿ ಹಾಕಿದ್ದಾರೆ. ಇನ್ನೂ ಉತ್ತರ ಬಂದಿಲ್ಲ. ಈ ಏಪ್ರಿಲ್‌ನಲ್ಲಿ ನಾನು ಫೋನ್ ಮಾಡುವ ಮೊದಲೇ ಅಕ್ಕ ಫೋನ್ ಮಾಡಿದರು. ಸೌದೆ ಬಂದಾಯ್ತು, ಜೋಡಿಸಿ ಆಯ್ತು, ಮೇಸ್ತ್ರಿನ ಒಂದ್ಸಲ ಕಳಿಸಿ ಅಂದರು.