ಹಪ್ಪಳಕ್ಕೆ ಸೂರ್ಯನ ಲೆಕ್ಕ, ಬಾವಿಗೆ ಚಂದ್ರನ ಲೆಕ್ಕ

ಹಲಸಿನ ಹಪ್ಪಳವನ್ನು ಯುಗಾದಿಯ ಲೆಕ್ಕ ಹಿಡಿದು ಒತ್ತಬೇಡಿ. ಹಾಗೆ ಮಾಡಿ ಒಂದು ವರ್ಷದ ಕೆಲಸವನ್ನೆಲ್ಲ ನಾನು ಮಳೆಗೆ ಕೊಟ್ಟಿದ್ದೇನೆ. 2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಹಬ್ಬ ಕಳೆದು ತಿಂಗಳಿಗೆ ಸೊಳೆ ಬೇಯಿಸಿ, ಒರಳಿನಲ್ಲಿ ಗುದ್ದಿ ಒತ್ತಿದ ಹಪ್ಪಳ ಎರಡೇ ಬಿಸಿಲಿಗೆ ಒಣಗಿ ಡಬ್ಬ ಸೇರಿತು. ಮರುವರ್ಷವೂ ಹಬ್ಬ ಕಳೆದು ತಿಂಗಳಿಗೆ ಸರಿಯಾಗಿ ಕುಳಿತೆ. ಆದರೆ 2021ರ ಯುಗಾದಿ ಏಪ್ರಿಲ್ 13ಕ್ಕೆ ಬಂದಿತ್ತು. ಚಾಪೆಯ ಮೇಲೆ ಹಪ್ಪಳ ಹರಡುವಾಗ ಮೇ ತಿಂಗಳ ನಡುವಾಗಿತ್ತು. ಆ ವಾರವೇ ತೌಕ್ತೆ ಚಂಡಮಾರುತ ನಮ್ಮ ಕಡಲಂಚನ್ನು ಸವರಿಕೊಂಡು ಹೋಯಿತು. ಒಳಗೆ ತಂದು ಹರಡಿದ ಹಪ್ಪಳಕ್ಕೆ ಬೂಸಲು ಬಂತು. ಚಂಡಮಾರುತವನ್ನು ದೂರುವುದಿಲ್ಲ, ಹತ್ತೊಂಬತ್ತು ದಿನ ತಡ ಮಾಡಿದ್ದು ನಾನು.

ಆ ಹತ್ತೊಂಬತ್ತು ದಿನ ಎಲ್ಲಿಂದ ಬಂತು? ಚಂದ್ರ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಬರಲು ಇಪ್ಪತ್ತೊಂಬತ್ತೂವರೆ ದಿನ ಬೇಕು. ಅಂಥ ಹನ್ನೆರಡು ತಿಂಗಳಿಗೆ 354 ದಿನ. ಭೂಮಿ ಸೂರ್ಯನನ್ನು ಸುತ್ತಿ ಬರಲು 365 ದಿನ ಮತ್ತು ಸುಮಾರು ಕಾಲು ದಿನ. ಹೀಗಾಗಿ ನಮ್ಮ ಹಬ್ಬಗಳು ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದಕ್ಕೆ ಬರುತ್ತವೆ, ಅಧಿಕ ಮಾಸ ಸೇರಿದಾಗ ಒಮ್ಮೆಲೇ ಮುಂದಕ್ಕೆ ಹೋಗುತ್ತವೆ. 2020ರಲ್ಲಿ ಅಧಿಕ ಆಶ್ವಯುಜ ಬಂದಿತ್ತು, ಅದರ ಫಲ ಮರುವರ್ಷದ ಯುಗಾದಿಯಲ್ಲಿ ಕಂಡಿತು. ಬಿಸಿಲಿಗೆ ಈ ಜಿಗಿತ ಗೊತ್ತಿಲ್ಲ. ಅದು ಭೂಮಿಯ ಇಪ್ಪತ್ತಮೂರೂವರೆ ಡಿಗ್ರಿ ವಾಲಿಕೆಯನ್ನು ಮಾತ್ರ ಅನುಸರಿಸುತ್ತದೆ.

ಒಣಗಿಸುವ ಕೆಲಸಕ್ಕೆಲ್ಲ ಇಂಗ್ಲಿಷ್ ತಾರೀಖು ಹಿಡಿಯಿರಿ, ಇಲ್ಲವೇ ಮಳೆ ನಕ್ಷತ್ರ ಹಿಡಿಯಿರಿ. ಮಳೆ ನಕ್ಷತ್ರವನ್ನು ಚಂದ್ರನದ್ದೆಂದು ತಿಳಿದವರು ಬಹಳ ಮಂದಿ. ದಿನ ನಕ್ಷತ್ರ ಚಂದ್ರನದ್ದು, ಮಳೆ ನಕ್ಷತ್ರ ಸೂರ್ಯ ನಿಂತ ನಕ್ಷತ್ರ. ಇಪ್ಪತ್ತೇಳು ನಕ್ಷತ್ರಗಳನ್ನು ಸೂರ್ಯ ವರ್ಷದಲ್ಲಿ ಹಾಯುವುದರಿಂದ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಅದಕ್ಕೇ ಕೃತ್ತಿಕೆ ಪ್ರತಿವರ್ಷ ಮೇ 11ರ ಹೊತ್ತಿಗೆ, ರೋಹಿಣಿ 25ರ ಹೊತ್ತಿಗೆ, ಮೃಗಶಿರ ಜೂನ್ 7-8ಕ್ಕೆ ಹುಟ್ಟುತ್ತವೆ. ನಮ್ಮ ಮನೆಯಲ್ಲಿ ಈಗ ಒಂದೇ ಕಟ್ಟಳೆ: ಕೃತ್ತಿಕೆ ಹುಟ್ಟುವ ಮೊದಲು ಹಪ್ಪಳ, ಸಂಡಿಗೆ, ಒಣಮೆಣಸು, ಹುಣಸೆಹಣ್ಣು ಎಲ್ಲವೂ ಡಬ್ಬದೊಳಗೆ.

ಎಲ್ಲಿ ಹರಡಬೇಕು ಎಂಬುದಕ್ಕೂ ಸೂರ್ಯನನ್ನೇ ಕೇಳಬೇಕು. ನಾವಿರುವುದು ಕುಂದಾಪುರದ ಕಡೆ. ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹೆಚ್ಚುಕಡಿಮೆ ಹನ್ನೆರಡೂವರೆಗೆ. ಡಿಸೆಂಬರ್ ಕೊನೆಯಲ್ಲಿ ಆ ಹೊತ್ತಿಗೆ ಹತ್ತು ಅಡಿ ಎತ್ತರದ ಗೋಡೆಯ ನೆರಳು ಉತ್ತರಕ್ಕೆ ಏಳೂವರೆ ಅಡಿ ಬೀಳುತ್ತದೆ. ಸಿಪ್ಪೆಸಹಿತ ಒಣಗಿಸುವ ಚಾಲಿ ಅಡಿಕೆಗೆ ನಲವತ್ತು ದಿನದ ಬಿಸಿಲು ಬೇಕು. ಮನೆಯ ಬಡಗು ಬದಿಯಲ್ಲಿ ಹರಡಿದರೆ ಗೋಡೆಯಂಚಿನ ಅಡಿಕೆ ಒಣಗದೆ ಉಳಿಯುತ್ತದೆ. ಅಡಿಕೆಗೆ ಮನೆಯ ತೆಂಕಣ ಅಂಗಳವೇ ಸರಿ. ಏಪ್ರಿಲ್ 25-26ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಗಳಿಗೆಯಲ್ಲಿ ನೆರಳಿಲ್ಲ, ಮಕ್ಕಳಿಗೆ ತಪ್ಪದೆ ತೋರಿಸಿ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ಉತ್ತರಕ್ಕೆ ಇರುತ್ತಾನೆ. ಮೇ ತಿಂಗಳಲ್ಲಿ ಬಡಗು ಕೋಣೆ ಏಕೆ ಕಾಯುತ್ತದೆ ಎಂದು ಕೇಳುವವರಿಗೆ ಇದೇ ಉತ್ತರ. ಆ ಕಿಟಕಿಗೂ ಚಾಪೆ ಇಳಿಬಿಡಿ, ಉಪ್ಪಿನಕಾಯಿ ಭರಣಿಯನ್ನು ಆ ಗೋಡೆಯ ಪಕ್ಕದಿಂದ ಸರಿಸಿ.

ನಮ್ಮ ಅತ್ತೆ ಜಗುಲಿಯ ಕಂಬದ ನೆರಳಿಗೆ ನೆಲದಲ್ಲಿ ಮಸಿಯ ಗೆರೆ ಎಳೆಯುತ್ತಿದ್ದರು. ನೆರಳು ಎಲ್ಲಕ್ಕಿಂತ ಉದ್ದವಾಗುವುದು ಡಿಸೆಂಬರ್ 21-22ಕ್ಕೆ, ಸಂಕ್ರಾಂತಿಯ ಹೊತ್ತಿಗೆ ಅದು ಆಗಲೇ ಕುಗ್ಗತೊಡಗಿರುತ್ತದೆ. ಸಂಕ್ರಾಂತಿಗೆ ಉತ್ತರಾಯಣ ಎನ್ನುತ್ತಾರಲ್ಲ ಎಂದು ಕೇಳಿದ್ದೆ. ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ: ಸಂಕ್ರಾಂತಿ ನಕ್ಷತ್ರದ ಲೆಕ್ಕದ್ದು, ನೆರಳು ಬಿಸಿಲಿನ ಲೆಕ್ಕದ್ದು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೊನೆಯುವುದರಿಂದ ನಕ್ಷತ್ರದ ಲೆಕ್ಕಕ್ಕೂ ಬಿಸಿಲಿನ ಲೆಕ್ಕಕ್ಕೂ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಒಂದು ತಲೆಮಾರಿನ ಸಂಸಾರಕ್ಕೆ ಅದರಿಂದ ತೊಂದರೆಯಿಲ್ಲ.

ನೀರಿನ ವಿಷಯಕ್ಕೆ ಬಂದಾಗ ಮಾತ್ರ ತಾರೀಖು ಬಿಟ್ಟು ತಿಥಿ ನೋಡಬೇಕು. ನಮ್ಮ ಪಂಚಗಂಗಾವಳಿ ಹೊಳೆ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತದೆ, ಉಬ್ಬರದ ನೀರು ಅಲ್ಲಿಂದಲೇ ಒಳಗೆ ಏರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಉಬ್ಬರ ದೊಡ್ಡದು, ಇಳಿತವೂ ಆಳ. ತಿಥಿ ಕಳೆದು ಒಂದೆರಡು ದಿನಕ್ಕೆ ಅದು ಇನ್ನೂ ಜೋರಾಗಿರುತ್ತದೆ. ಅಷ್ಟಮಿಯ ಆಚೀಚೆ ಹೊಳೆ ತಣ್ಣಗಿರುತ್ತದೆ. ತೋಟಕ್ಕೆ ಹೊಳೆಯ ನೀರೆತ್ತುವವರು ಬೇಸಿಗೆಯಲ್ಲಿ ಅಷ್ಟಮಿಯ ದಿನಗಳನ್ನು ಆರಿಸಿಕೊಳ್ಳಿ, ಇಳಿತದ ಹೊತ್ತಿಗೆ ಎತ್ತಿ, ಮೊದಲು ನಾಲಿಗೆಗೆ ಹಚ್ಚಿ ನೋಡಿ. ಉಪ್ಪು ಕುಡಿದ ತೆಂಗಿನ ಸಸಿ ಚೇತರಿಸಿಕೊಳ್ಳಲು ಬಹಳ ಕಾಲ ಬೇಕು.

ಉಬ್ಬರದ ಹೊತ್ತು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಸರಿದಿರುತ್ತಾನೆ, ಅವನನ್ನು ಹಿಡಿಯಲು ದಿನಕ್ಕೆ ಸುಮಾರು ಐವತ್ತು ನಿಮಿಷ ಹೆಚ್ಚು ಬೇಕು. ಇಂದು ಬೆಳಿಗ್ಗೆ ಹತ್ತಕ್ಕೆ ನೀರು ತುಂಬಿದ್ದರೆ ನಾಳೆ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ. ವಾರ ಕಳೆದರೆ ತಿರುವುಮುರುವು: ಉಬ್ಬರವಿದ್ದ ಹೊತ್ತಿಗೆ ಇಳಿತ.

ಹೊಳೆಬದಿಯ ಬಾವಿಗೆ ಏಪ್ರಿಲ್, ಮೇ ತಿಂಗಳುಗಳು ಕಠಿಣ. ಒಂದೇ ಸಮನೆ ಪಂಪು ಓಡಿಸಿದರೆ ಮೇಲಿನ ಸಿಹಿನೀರು ಬರಿದಾಗಿ ತಳದ ಉಪ್ಪುನೀರು ಮೇಲೇಳುತ್ತದೆ. ಅರ್ಧ ಗಂಟೆ ಎತ್ತಿ, ಬಾವಿಗೆ ಬಿಡುವು ಕೊಟ್ಟು, ಮತ್ತೆ ಎತ್ತಿ. ಅಡುಗೆಗೆ, ಕುಡಿಯಲು ಬೇಕಾದ ನೀರನ್ನು ಹುಣ್ಣಿಮೆಗೆ ಎರಡು ದಿನ ಮೊದಲೇ ಹಂಡೆಯಲ್ಲಿ ತುಂಬಿ ಮುಚ್ಚಿಡಿ. ತದಿಗೆ ಚೌತಿ ಕಳೆಯುವವರೆಗೆ ಬಟ್ಟೆ ಒಗೆಯಲು ಮಾತ್ರ ಬಾವಿಯ ನೀರು ಸಾಕು.