ಎನ್‌ಪಿ, ಪಿಎ ಬಿಲ್ಲಿಂಗ್: ಮೊದಲು 85, ಪುರಾವೆ ಸಿಕ್ಕರೆ 100

ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನಲ್ಲಿ ಎನ್‌ಪಿ (ನರ್ಸ್ ಪ್ರಾಕ್ಟೀಷನರ್), ಪಿಎ (ಫಿಸಿಷಿಯನ್ ಅಸಿಸ್ಟೆಂಟ್) ತಾವು ನೋಡಿದ ವಿಸಿಟ್‌ನ ಬಿಲ್ಲನ್ನು ತಮ್ಮ ಎನ್‌ಪಿಐ ನಂಬರಲ್ಲೇ (ಬಿಲ್ಲಿಂಗ್ ಗುರುತಿನ ಸಂಖ್ಯೆ) ಹಾಕಿದರೆ ಡಾಕ್ಟರ ದರದ 85%. ಡಾಕ್ಟರು ಮೊದಲೇ ಹಾಕಿದ ಪ್ಲಾನನ್ನು ಡಾಕ್ಟರ ಮೇಲ್ವಿಚಾರಣೆಯಲ್ಲಿ ಮುಂದುವರಿಸಿದ್ದಾದರೆ ಅದು ‘ಇನ್ಸಿಡೆಂಟ್ ಟು’; ಹಾಗೆಂದು ಡಾಕ್ಟರ ಎನ್‌ಪಿಐನಲ್ಲಿ ಹೋದರೆ 100%. ಈ 15ರ ಆಸೆಗೆ ಅಮೆರಿಕದ ಎಷ್ಟೋ ಕ್ಲಿನಿಕ್‌ಗಳು ಎಲ್ಲವನ್ನೂ ಡಾಕ್ಟರ ಹೆಸರಿಗೆ ತಳ್ಳುತ್ತವೆ. ಬೆಂಗಳೂರಿನ ನೈಟ್ ಶಿಫ್ಟ್‌ನಲ್ಲಿ ಕೂತು ಅವರ ಬಿಲ್ಲಿಂಗ್ ಮಾಡುವ ನಾವು ಅದನ್ನೇ ತಿರುಗಿಸಿ ಹಾಕಿದೆವು: ಪ್ರತಿ ವಿಸಿಟ್ಟೂ ಮೊದಲು 85ರಲ್ಲಿ ನಿಲ್ಲಬೇಕು, ಚಾರ್ಟ್‌ನಲ್ಲಿ ಪುರಾವೆ ಸಿಕ್ಕರಷ್ಟೇ ಮೇಲಕ್ಕೆ. ‘ಕ್ಲೈಂಟ್ ಬಿಟ್ಟು ಹೋಗ್ತಾರೆ’ ಎಂದವರೇ ಈಗ ನಮ್ಮ ಶೀಟ್ ಕೇಳುತ್ತಿದ್ದಾರೆ.

ಅವರ ಭಯ ದುಡ್ಡಿನದು. 100 ಡಾಲರ್ ದರದ ವಿಸಿಟ್ 85 ಆಗುತ್ತದೆ; ಡಿಡಕ್ಟಿಬಲ್ (ರೋಗಿ ಮೊದಲು ತಾನೇ ಭರಿಸುವ ಮೊತ್ತ) ಮುಗಿದಿದ್ದರೆ ಮೆಡಿಕೇರ್ 68, ರೋಗಿ 17. ಆದರೆ ತಪ್ಪಾಗಿ ಬಂದ 100 ಉಳಿಯುವ ದುಡ್ಡಲ್ಲ. ಹೆಚ್ಚುವರಿ ಗೊತ್ತಾದ ಮೇಲೆ 60 ದಿನದಲ್ಲಿ ವಾಪಸ್, ಆರು ವರ್ಷ ಹಿಂದಿನದನ್ನೂ ಕೆದಕಬಹುದು. ನಮ್ಮಲ್ಲಿ ಹತ್ತಕ್ಕೆ ಮೂರೋ ನಾಲ್ಕೋ ವಿಸಿಟ್ ಮಾತ್ರ ಮೇಲೆ ಹೋದವು. ಆದರೂ ರೀವರ್ಕ್ (ಕ್ಲೈಮ್‌ಗಳನ್ನು ಮತ್ತೆ ತಿದ್ದುವ ಕೆಲಸ) ಇಳಿದದ್ದರಿಂದ ಲೆಕ್ಕ ಸರಿಹೋಯಿತು.

ಹೆಚ್ಚು ಸೋರುವುದು ‘ಹೊಸ ತೊಂದರೆ’ಯಲ್ಲಿ. ಬಿಪಿ ಫಾಲೋಅಪ್‌ಗೆ ಬಂದವರು ಹೊರಡುವಾಗ ‘ಮಂಡಿನೋವು’ ಅನ್ನುತ್ತಾರೆ, ಎನ್‌ಪಿ ಅದಕ್ಕೂ ಔಷಧಿ ಬರೆಯುತ್ತಾರೆ. ಮಂಡಿನೋವಿಗೆ ಡಾಕ್ಟರ ಪ್ಲಾನ್ ಇಲ್ಲ, ಆ ವಿಸಿಟ್ 85ಕ್ಕೆ ಬಿತ್ತು. ಬಿಪಿಯ ಪ್ಲಾನನ್ನು ಡಾಕ್ಟರು ಯಾವ ದಿನಾಂಕ ಹಾಕಿದ್ದರು ಎಂಬುದು ಎನ್‌ಪಿ ನೋಟ್‌ನಲ್ಲೇ ಇರಬೇಕು. ಡೋಸ್ ಯಾವಾಗ ಏರಿಸಬೇಕೆಂದು ಪ್ಲಾನ್‌ನಲ್ಲೇ ಬರೆಸಿಟ್ಟರೆ ಆಡಿಟ್‌ನಲ್ಲಿ ವಾದವೇ ಇಲ್ಲ. ಜಾಗದ ಕೋಡ್ ಪಿಒಎಸ್ 11 (ಕ್ಲಿನಿಕ್) ಇರಬೇಕು; 19, 22 (ಆಸ್ಪತ್ರೆಯ ಹೊರರೋಗಿ ವಿಭಾಗ) ಬಂದರೆ ‘ಇನ್ಸಿಡೆಂಟ್ ಟು’ ಇಲ್ಲ, ಮುಂದೆ ನೋಡುವುದೇ ಬೇಡ. ರಿಸೆಪ್ಷನ್‌ನಲ್ಲೇ ಹೊಸ ತೊಂದರೆ ಹಿಡಿಯುವ ಪದಗಳ ಪಟ್ಟಿಯೊಂದಿದೆ. ಅದು ನಮ್ಮ ಹೊಟ್ಟೆಪಾಡು, ಇಲ್ಲಿ ಬೇಡ.

ಕ್ಲೈಮ್ ಫಾರ್ಮ್‌ನಲ್ಲಿ 17ನೇ ಕಾಲಂಗೆ ಪ್ಲಾನ್ ಹಾಕಿದ ಡಾಕ್ಟರು, 24ಜೆ ಕಾಲಂಗೆ ಅಂದು ಮೇಲ್ವಿಚಾರಣೆಗಿದ್ದ ಡಾಕ್ಟರು. ಎರಡಕ್ಕೂ ಒಂದೇ ಹೆಸರು ತುಂಬಿದರೆ, ಆ ಡಾಕ್ಟರು ಅಂದು ರಜೆಯಲ್ಲಿದ್ದದ್ದು ಕ್ಯಾಲೆಂಡರ್‌ನಲ್ಲೇ ಸಿಕ್ಕಿಬೀಳುತ್ತದೆ. ಇನ್ನೊಂದು, 99203 (ಹೊಸ ರೋಗಿಯ ವಿಸಿಟ್ ಕೋಡ್) ಡಿನಯಲ್: ಅದೇ ಗ್ರೂಪ್‌ನ ಅದೇ ಸ್ಪೆಷಾಲಿಟಿ ಡಾಕ್ಟರು ಮೂರು ವರ್ಷದೊಳಗೆ ನೋಡಿದ್ದರೆ, ಎನ್‌ಪಿಗೆ ಆ ರೋಗಿ ಹೊಸಬರಲ್ಲ.

ಆಸ್ಪತ್ರೆಯಲ್ಲಿ ಎನ್‌ಪಿ, ಡಾಕ್ಟರು ಇಬ್ಬರೂ ನೋಡುವ ಸ್ಪ್ಲಿಟ್ ವಿಸಿಟ್‌ಗಳಲ್ಲಿ ಎಲ್ಲವನ್ನೂ ಟೈಮ್ ಮೇಲೆ ಕೋಡ್ ಮಾಡಿ ನೋಡಿದೆವು. ಎನ್‌ಪಿ 20 ನಿಮಿಷ, ಡಾಕ್ಟರು 15, ಒಟ್ಟು 35, ಒಳರೋಗಿಯ ದಿನದ ವಿಸಿಟ್ ಕೋಡ್ 99232 ಸಿಕ್ಕಿತು. ಅರ್ಧಕ್ಕಿಂತ ಹೆಚ್ಚು ಎನ್‌ಪಿಯದೇ, ಹಾಗಾಗಿ ಸ್ಪ್ಲಿಟ್ ವಿಸಿಟ್ ಎಂದು ತೋರಿಸುವ ಎಫ್‌ಎಸ್ ಮಾಡಿಫೈಯರ್ ಹಾಕಿ ಎನ್‌ಪಿ ಹೆಸರಲ್ಲಿ, ಮತ್ತೆ 85. ರೌಂಡ್ಸ್‌ನಲ್ಲಿ ಡಾಕ್ಟರು ನಿಲ್ಲುವುದೇ ಕಡಿಮೆ, ಟೈಮ್ ಲೆಕ್ಕದಲ್ಲಿ ಅವರು ಗೆಲ್ಲುವುದಿಲ್ಲ. ಎಂಡಿಎಂ (ಚಿಕಿತ್ಸೆಯ ನಿರ್ಧಾರ ಯಾರದು ಎಂಬುದರ ಮೇಲೆ ಬಿಲ್ ಮಾಡುವ) ದಾರಿ 2024ರ ನಿಯಮದಲ್ಲೂ ಇದೆ, ಆದರೆ ‘ನೋಡಿದೆ, ಒಪ್ಪಿದೆ’ ಎಂಬ ಒಂದು ಸಾಲು ಸಾಲದು. ನಿರ್ಧಾರವನ್ನು ಡಾಕ್ಟರೇ ಬರೆದು ಸಹಿ ಹಾಕಬೇಕು. ಇಬ್ಬರೂ ಒಟ್ಟಿಗಿದ್ದ ನಿಮಿಷ ಒಂದೇ ಸಲ ಎಣಿಕೆ. ಕ್ರಿಟಿಕಲ್ ಕೇರ್‌ಗೆ ಟೈಮ್ ಒಂದೇ ದಾರಿ.

ಖಾಸಗಿ ಪೇಯರ್‌ಗಳದ್ದು (ವಿಮಾ ಕಂಪನಿಗಳದ್ದು) ಬೇರೆಯೇ ಲೋಕ. ಎನ್‌ಪಿ ಡಾಕ್ಟರ ಜೊತೆ ಕೆಲಸ ಮಾಡಿದ್ದನ್ನು ತೋರಿಸುವ ಎಸ್‌ಎ ಮಾಡಿಫೈಯರ್ ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ. ಪೇಯರ್‌ವಾರು ಶೀಟ್ ಇಲ್ಲದೆ ಕೈಹಾಕಬೇಡಿ.

ಹೊಸದಾಗಿ ಸೇರಿದ ಪಿಎ ಮೆಡಿಕೇರ್‌ನಲ್ಲಿ ಎನ್‌ರೋಲ್ ಆಗುವವರೆಗೆ ಡಾಕ್ಟರ ನಂಬರಲ್ಲಿ ಓಡಿಸುವ ಚಾಳಿ ಬಿಡಿಸುವುದೇ ಕಷ್ಟವಾಯಿತು. ಕ್ಲೈಮ್ ಹೋಲ್ಡ್‌ನಲ್ಲಿಡಿ. ಎನ್‌ರೋಲ್‌ಮೆಂಟ್ ಜಾರಿಯಾಗುವ ಎಫೆಕ್ಟಿವ್ ಡೇಟ್‌ಗೆ 30 ದಿನ ಹಿಂದಿನದಕ್ಕೂ ಸಾಮಾನ್ಯವಾಗಿ ಮೆಡಿಕೇರ್ ದುಡ್ಡು ಕೊಡುತ್ತದೆ, ಟೈಮ್ಲಿ ಫೈಲಿಂಗ್‌ಗೆ (ಕ್ಲೈಮ್ ಕಳಿಸುವ ಗಡುವಿಗೆ) ಒಂದು ವರ್ಷವಿದೆ. ಎನ್‌ರೋಲ್‌ಮೆಂಟ್‌ನ 855ಐ ಅರ್ಜಿ ಮಾತ್ರ ಆಫರ್ ಲೆಟರ್ ಜೊತೆಗೇ ಹೊರಡಲಿ.